ಭೂಗೋಳದ ಉತ್ತರಕ್ಕೆ ಇಸವಿ ಬೇಕು, ಅಳತೆ ಬೇಕು, ಕಾರಣ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೊಮ್ಮೆ ಬರುವ ಭೂಗೋಳದ ಪ್ರಶ್ನೋತ್ತರವನ್ನು ದಾವಣಗೆರೆ, ಚಿತ್ರದುರ್ಗದ ಗ್ರಂಥಾಲಯಗಳಲ್ಲಿ ಕೂತು ಓದುವ ಹುಡುಗ ಹುಡುಗಿಯರು ಸಾಲು ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಎಫ್‌ಡಿಎ, ಪಿಎಸ್‌ಐ, ಶಿಕ್ಷಕರ ನೇಮಕಾತಿ, ಯಾವ ಪರೀಕ್ಷೆಗೆ ಕಟ್ಟಿದವರೂ ಆ ಪುಟವನ್ನು ಬಿಡುವುದಿಲ್ಲ. ಇಷ್ಟು ನಂಬಿ ಓದುವವರಿರುವಾಗ ಅದು ಇನ್ನಷ್ಟು ಗಟ್ಟಿಯಾಗಬೇಕು ಎಂಬ ಕಾಳಜಿಯಿಂದ ಈ ಪತ್ರ. ಒಂದು ಸಾಲಿನ ಪ್ರಶ್ನೆ, ಒಂದು ಪದದ ಉತ್ತರ ಎಂಬ ರೂಢಿಯಲ್ಲಿ ಮೂರು ಸಂಗತಿ ಬಿಟ್ಟುಹೋಗುತ್ತಿವೆ. ಆ ಉತ್ತರ ಯಾವ ಇಸವಿಗೆ ಸರಿ, ಯಾವ ಅಳತೆಗೆ ಸರಿ, ಮತ್ತು ಅದು ಹಾಗೇಕೆ ಆಯಿತು.

ಇಸವಿಯ ಮಾತಿಗೆ ದೂರ ಹೋಗಬೇಕಿಲ್ಲ. ಹರಪನಹಳ್ಳಿ ಯಾವ ಜಿಲ್ಲೆ? ಅಲ್ಲಿ ಹುಟ್ಟಿ, ಊರು ಬಿಡದೆ ಬದುಕಿದ ಎಂಬತ್ತು ದಾಟಿದ ಅಜ್ಜನನ್ನು ನೆನೆಸಿಕೊಳ್ಳಿ. ಅವರು ಹುಟ್ಟಿದಾಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಹಳೆಯ ಪುಸ್ತಕ ಹಿಡಿದು ಓದಿದವರಿಗೆ ಒಂದು ಉತ್ತರ, ಹೊಸದು ಹಿಡಿದವರಿಗೆ ಇನ್ನೊಂದು. ಯಾವುದೂ ಸುಳ್ಳಲ್ಲ, ಇಸವಿ ಮಾತ್ರ ಕಾಣೆ. ಇದನ್ನು ಅರಿತ ಹುಡುಗನಿಗೆ ಇಂದಿನ ಉಕ್ರೇನಿನ ಪಶ್ಚಿಮ ಅಂಚಿನ ಉಜ್‌ಹೊರೊದ್ ಊರಿನ ಕಥೆ ಸಲೀಸಾಗಿ ಅರ್ಥವಾಗುತ್ತದೆ. ಮೊದಲ ಮಹಾಯುದ್ಧದವರೆಗೆ ಅದು ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದಲ್ಲಿತ್ತು, ಆಮೇಲೆ ಚೆಕೊಸ್ಲೊವಾಕಿಯಾ, 1938ರಲ್ಲಿ ಹಂಗರಿ, 1945ರಲ್ಲಿ ಸೋವಿಯತ್ ಒಕ್ಕೂಟ, 1991ರಿಂದ ಉಕ್ರೇನ್. ಮನೆಯ ಹೊಸ್ತಿಲು ದಾಟದೆ ದೇಶ ಬದಲಾದವರ ಊರು ಅದು.

ಹಳೆಯ ಉತ್ತರಗಳು ಇನ್ನೂ ಅಚ್ಚಾಗುತ್ತಿರುವುದಕ್ಕೆ ಕೆಲವು ನಿದರ್ಶನ. ಕಜಕಿಸ್ತಾನದ ರಾಜಧಾನಿ 1997ರಲ್ಲಿ ಅಲ್ಮಾಟಿಯಿಂದ ಅಕ್ಮೊಲಾಕ್ಕೆ ಹೋಯಿತು. ಅಕ್ಮೊಲಾ 1998ರಲ್ಲಿ ಅಸ್ತಾನಾ ಆಯಿತು, 2019ರಲ್ಲಿ ನೂರ್‌ಸುಲ್ತಾನ್ ಆಯಿತು, 2022ರಲ್ಲಿ ಮತ್ತೆ ಅಸ್ತಾನಾ. ನೂರ್‌ಸುಲ್ತಾನ್ ಎಂದು ಮೂರೇ ವರ್ಷ ಸರಿಯಿದ್ದ ಉತ್ತರವನ್ನು ಇಂದಿಗೂ ಬಾಯಿಪಾಠ ಮಾಡುವವರಿದ್ದಾರೆ. ಸ್ವಾಜಿಲ್ಯಾಂಡ್ 2018ರಿಂದ ಎಸ್ವಾಟಿನಿ. ಮ್ಯಾಸಿಡೋನಿಯಾ 2019ರಿಂದ ಉತ್ತರ ಮ್ಯಾಸಿಡೋನಿಯಾ. ಪಶ್ಚಿಮ ಬಂಗಾಳದ ಕೂಚ್‌ಬಿಹಾರದ ಗಡಿಯಲ್ಲಿದ್ದ ತುಂಡುನೆಲಗಳ ಪ್ರಶ್ನೆಯಂತೂ ವರ್ತಮಾನ ಕಾಲದಲ್ಲೇ ಬರುತ್ತದೆ. 2015ರ ಜುಲೈ 31ರ ನಡುರಾತ್ರಿ ಬಾಂಗ್ಲಾದೇಶದೊಳಗಿದ್ದ ಭಾರತದ 111 ತುಂಡುಗಳೂ ಭಾರತದೊಳಗಿದ್ದ ಬಾಂಗ್ಲಾದ 51 ತುಂಡುಗಳೂ ಅದಲುಬದಲಾಗಿ ಮುಗಿದುಹೋದ ವಿಷಯ ಅದು. ಅವುಗಳಲ್ಲಿ ದಹಲಾ ಖಗ್ರಾಬಾರಿ ಎಂಬುದು ಎರಡು ಎಕರೆಗೂ ಕಡಿಮೆಯಿದ್ದ ಸೆಣಬಿನ ಹೊಲ. ಬಾಂಗ್ಲಾದೇಶದೊಳಗೆ ಭಾರತದ ತುಂಡು, ಅದರೊಳಗೆ ಬಾಂಗ್ಲಾದ ಹಳ್ಳಿ, ಆ ಹಳ್ಳಿಯೊಳಗೆ ಮತ್ತೆ ಭಾರತದ ಈ ಹೊಲ. ಇಂಥದ್ದು ಜಗತ್ತಿನಲ್ಲಿ ಇದೊಂದೇ ಇತ್ತು. ‘ಇತ್ತು’ ಎಂಬ ಕ್ರಿಯಾಪದ ಪ್ರಶ್ನೆಯಲ್ಲಿ ಬಂದರೆ ಸಾಕು, ತಪ್ಪು ಸರಿಹೋಗುತ್ತದೆ.

ಇನ್ನು ಅಳತೆ. ಭಾರತದ ಕರಾವಳಿ ಎಷ್ಟು ಉದ್ದ? 7,516.6 ಕಿ.ಮೀ. ಎಂದು ಎಲ್ಲರೂ ಕಲಿತಿದ್ದೇವೆ. ಈಗ ಸರ್ಕಾರದ ಲೆಕ್ಕ 11,098.81 ಕಿ.ಮೀ. ಸಮುದ್ರ ನಮ್ಮ ನೆಲದೊಳಗೆ ನುಗ್ಗಿಬಂದದ್ದಲ್ಲ, ನಕ್ಷೆಯ ಪ್ರಮಾಣ ಬದಲಾಯಿತು. ಹಳೆಯ ಅಳತೆ 45 ಲಕ್ಷಕ್ಕೆ ಒಂದು ಪ್ರಮಾಣದ ನಕ್ಷೆಯದು, ಹೊಸತು ಎರಡೂವರೆ ಲಕ್ಷಕ್ಕೆ ಒಂದು. ಇದನ್ನು ತರಗತಿಯಲ್ಲಿ ತೋರಿಸಲು ದುರ್ಗದ ಕೋಟೆಯಷ್ಟು ಒಳ್ಳೆಯ ಪಾಠೋಪಕರಣ ಇನ್ನೊಂದಿಲ್ಲ. ಹೊರಸುತ್ತಿನ ಗೋಡೆಯನ್ನು ಕೊತ್ತಳದಿಂದ ಕೊತ್ತಳಕ್ಕೆ ನೇರ ಹಗ್ಗ ಎಳೆದು ಅಳೆಯಿರಿ. ಆಮೇಲೆ ಅದೇ ಗೋಡೆಯನ್ನು ಒಂದು ಮೀಟರಿನ ಕೋಲಿನಿಂದ, ಪ್ರತಿ ಕೊತ್ತಳದ ಡುಬ್ಬವನ್ನೂ ಬಂಡೆಯ ಪ್ರತಿ ಮಡಿಕೆಯನ್ನೂ ಸುತ್ತಿ ಅಳೆಯಿರಿ. ಎರಡನೆಯ ಸಲ ಸುತ್ತಳತೆ ಹೆಚ್ಚೇ ಬರುತ್ತದೆ. ಕೋಲು ಚಿಕ್ಕದಾದಷ್ಟೂ ಉದ್ದ ಬೆಳೆಯುತ್ತದೆ. ಬೇರೆ ಬೇರೆ ದೇಶಗಳ ಕರಾವಳಿಯನ್ನು ಹೋಲಿಸುವ ಪ್ರಶ್ನೆ ಕೇಳುವಾಗ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಅಳೆದ ಪಟ್ಟಿಯಿಂದ ತೆಗೆಯದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ನದಿಗೂ ಇದೇ ತೊಡಕು. ನೈಲ್ ಹೆಚ್ಚು ಉದ್ದವೋ ಅಮೆಜಾನ್ ಹೆಚ್ಚು ಉದ್ದವೋ ಎಂಬ ವಾದ ಇನ್ನೂ ಮುಗಿಯದಿರುವುದು ನೀರಿನಿಂದಲ್ಲ, ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದರಿಂದ. ಹರಿಹರದ ಸೇತುವೆ ಮೇಲೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗೆ ಹರಿಯುವ ತುಂಗಭದ್ರೆಯನ್ನು ಕೂಡ್ಲಿ ಸಂಗಮದಿಂದ ಎಣಿಸಿದರೆ ಒಂದು ಉದ್ದ, ಗಂಗಾಮೂಲದಿಂದ ತುಂಗೆಯ ಹಾದಿಯಲ್ಲಿ ಎಣಿಸಿದರೆ ಇನ್ನೊಂದು, ಭದ್ರೆಯ ಹಾದಿಯಲ್ಲಿ ಮತ್ತೊಂದು. ಅಮೆಜಾನಿಗೆ ಪೆರುವಿನ ಬೆಟ್ಟಗಳಲ್ಲಿ ಯಾವ ಹಳ್ಳವನ್ನು ಮೂಲ ಎನ್ನಬೇಕು, ಕಡಲ ಬಾಯಲ್ಲಿ ಮರಾಜೊ ದ್ವೀಪದ ಯಾವ ಪಕ್ಕದ ಕವಲನ್ನು ಕೊನೆ ಎನ್ನಬೇಕು ಎಂಬುದೇ ಜಗಳ.

ಎವರೆಸ್ಟಿನ ವಿಷಯದಲ್ಲಿ ‘ಎತ್ತರ’ ಎಂಬ ಪದವನ್ನೇ ಬಿಡಿಸಬೇಕು. ಸಮುದ್ರಮಟ್ಟದಿಂದ ಹಿಮದ ತುದಿಯವರೆಗೆ 8,848.86 ಮೀಟರ್. ನೇಪಾಳ ಮತ್ತು ಚೀನಾ 2020ರ ಡಿಸೆಂಬರ್ 8ರಂದು ಜೊತೆಯಾಗಿ ಸಾರಿದ ಅಂಕಿ ಇದು. 2005ರಲ್ಲಿ ಚೀನಾ ಹಿಮ ಬಿಟ್ಟು ಬಂಡೆಯ ತುದಿಯನ್ನಷ್ಟೇ ಲೆಕ್ಕ ಹಿಡಿದು 8,844.43 ಎಂದಿತ್ತು. ಭೂಮಿಯ ನಡುಬಿಂದುವಿನಿಂದ ಅಳೆದರೆ ಎವರೆಸ್ಟ್ ಮೊದಲನೆಯದಲ್ಲ. ಭೂಮಿ ಸಮಭಾಜಕದ ಬಳಿ ಉಬ್ಬಿರುವುದರಿಂದ ಈಕ್ವೆಡಾರಿನ ಚಿಂಬೊರಾಜೊ ಸುಮಾರು 2 ಕಿ.ಮೀ. ಮುಂದಿದೆ. ಬುಡದಿಂದ ಅಳೆದರೆ ಹವಾಯಿಯ ಮೌನಾ ಕೀ 10,000 ಮೀಟರ್ ಮೀರುತ್ತದೆ, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಕಡಲೊಳಗಿದೆ. ಅತಿ ದೊಡ್ಡ ಮರುಭೂಮಿಗೆ ಸಹಾರಾ ಎಂದು ಬರೆಯುವುದು ‘ಬಿಸಿ ಮರುಭೂಮಿ’ ಎಂದು ಕೇಳಿದಾಗ ಮಾತ್ರ ಸರಿ. ಮಳೆಯ ಕೊರತೆಯೇ ಮರುಭೂಮಿಯ ಲಕ್ಷಣವೆಂದು ಹಿಡಿದರೆ ಅಂಟಾರ್ಕ್ಟಿಕಾ ಅದಕ್ಕಿಂತ ದೊಡ್ಡದು.

ಇಸವಿ, ಅಳತೆ ಎರಡೂ ಒಂದು ಅರ್ಧ ಸಾಲಿನಲ್ಲಿ ಮುಗಿಯುತ್ತವೆ. ಕಾರಣಕ್ಕೆ ಮೂರ್ನಾಲ್ಕು ಸಾಲು ಬೇಕು, ನಾವು ಮುಖ್ಯವಾಗಿ ಕೇಳುತ್ತಿರುವುದೂ ಅದನ್ನೇ. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಎಂದು ಬರೆಯುವ ತಪ್ಪು ಯಾಕೆ ಹೋಗುವುದಿಲ್ಲ? ಕ್ಯಾನ್‌ಬೆರಾ ಎಂಬ ಪದಕ್ಕೆ ನೆನಪಿನಲ್ಲಿ ಜೋತುಬೀಳಲು ಏನೂ ಇಲ್ಲ. ಸಿಡ್ನಿ, ಮೆಲ್ಬರ್ನ್ ಎರಡೂ ರಾಜಧಾನಿಯಾಗಲು ಹಟ ಹಿಡಿದಿದ್ದವು. ಕೊನೆಗೆ ರಾಜಧಾನಿ ಸಿಡ್ನಿಯಿರುವ ನ್ಯೂ ಸೌತ್ ವೇಲ್ಸಿನಲ್ಲೇ ಇರಲಿ, ಆದರೆ ಸಿಡ್ನಿಯಿಂದ ಕಡಿಮೆಯೆಂದರೂ 100 ಮೈಲಿ ದೂರವಿರಲಿ ಎಂದು ಸಂವಿಧಾನದಲ್ಲೇ ಬರೆದರು. ಹೊಸ ಊರು ಏಳುವವರೆಗೆ ಸಂಸತ್ತು ಮೆಲ್ಬರ್ನಿನಲ್ಲಿ ಕೂತಿತು, 1927ರಲ್ಲಿ ಕ್ಯಾನ್‌ಬೆರಾಕ್ಕೆ ಹೋಯಿತು. ಇದನ್ನು ಒಮ್ಮೆ ಕೇಳಿದ ಹುಡುಗಿ ಸಿಡ್ನಿ ಎಂದು ಗುರುತು ಹಾಕುವುದಿಲ್ಲ. ದಕ್ಷಿಣ ಆಫ್ರಿಕಾಕ್ಕೆ ಮೂರು ರಾಜಧಾನಿ ಯಾಕೆ ಎಂಬುದೂ ಹಾಗೆಯೇ. 1910ರಲ್ಲಿ ನಾಲ್ಕು ಸೀಮೆಗಳು ಒಂದಾದಾಗ ಆಡಳಿತ ಟ್ರಾನ್ಸ್‌ವಾಲಿನ ಪ್ರಿಟೋರಿಯಾಕ್ಕೆ, ಸಂಸತ್ತು ಕೇಪ್‌ಟೌನಿಗೆ, ನ್ಯಾಯಾಂಗ ಆರೆಂಜ್ ನದಿ ಸೀಮೆಯ ಬ್ಲೂಮ್‌ಫೌಂಟೇನಿಗೆ ಹೋದವು. ನಾಲ್ಕನೆಯ ನಟಾಲಿಗೆ ಹಣದ ಪರಿಹಾರ ಕೊಟ್ಟರು. ಮನೆ ಹಿಸೆಯಾದಾಗ ಹೊಲ ಒಬ್ಬನಿಗೆ, ಹಟ್ಟಿ ಒಬ್ಬನಿಗೆ, ಉಳಿದವನಿಗೆ ನಗದು ಕೊಟ್ಟು ಸಮಾಧಾನ ಮಾಡುವುದನ್ನು ಕಂಡವರಿಗೆ ಇದು ಮರೆಯುವಂಥದ್ದಲ್ಲ.

ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಉತ್ತರ ಬರೆಯದ ಅಭ್ಯರ್ಥಿ ಇಲ್ಲ. ಮ್ಯಾಂಚೆಸ್ಟರಿನ ಸುತ್ತ ಹತ್ತಿಯ ಒಂದು ಗಿಡವೂ ಬೆಳೆಯುವುದಿಲ್ಲ ಎಂಬುದನ್ನು ಮಾತ್ರ ಯಾವ ಪ್ರಶ್ನೋತ್ತರವೂ ಹೇಳುವುದಿಲ್ಲ. ಅಲ್ಲಿ ಇದ್ದದ್ದು ಕಲ್ಲಿದ್ದಲು, ಹತ್ತಿರದಲ್ಲೇ ಲಿವರ್‌ಪೂಲ್ ಬಂದರು, ಮತ್ತು ತೇವದ ಗಾಳಿ. ಗಾಳಿ ಒಣಗಿದ್ದರೆ ಹತ್ತಿಯ ಎಳೆ ಬಿರುಸಾಗಿ ನೂಲು ಪದೇಪದೇ ತುಂಡಾಗುತ್ತದೆ. ಮಳೆ ಮೋಡದ ಲ್ಯಾಂಕಶೈರಿನಲ್ಲಿ ಆ ಕಾಟ ಕಡಿಮೆ. ನಮ್ಮ ಬಯಲುಸೀಮೆಯಲ್ಲಿ ಹತ್ತಿಗೆ ಎರೆಭೂಮಿ ಹತ್ತಿರವೇ ಇದ್ದರೂ ಗಿರಣಿಯೊಳಗೆ ನೀರಿನ ಹನಿ ಚಿಮ್ಮಿಸಿ ತೇವ ಉಳಿಸಿಕೊಳ್ಳಬೇಕು. ಮ್ಯಾಂಚೆಸ್ಟರಿಗೆ ಹತ್ತಿ ಬರುತ್ತಿದ್ದುದು ಹೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರ ದುಡಿಮೆಯಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಹಡಗು ನಿಂತಾಗ ಲ್ಯಾಂಕಶೈರಿನ ಗಿರಣಿಗಳು ಬಾಗಿಲು ಹಾಕಿದವು, ಧಾರವಾಡದ ಕಡೆಯ ಹತ್ತಿಗೆ ಬೆಲೆ ಏರಿತು. ನಮ್ಮ ಎರೆಹೊಲಕ್ಕೂ ಅಮೆರಿಕದ ಯುದ್ಧಕ್ಕೂ ಇದ್ದ ಈ ನಂಟು ಆ ಒಂದು ಬಿರುದಿನ ಹಿಂದೆ ಅಡಗಿದೆ.

ಜನರ ವಿಷಯಕ್ಕೆ ಬಂದರೆ ಕಾರಣ ಇನ್ನೂ ಸೊಗಸು. ಮಡಗಾಸ್ಕರ್ ಆಫ್ರಿಕಾದ ದಡದಿಂದ ಸುಮಾರು 400 ಕಿ.ಮೀ. ದೂರದಲ್ಲಿದೆ. ಆದರೆ ಅಲ್ಲಿನ ಮಲಗಾಸಿ ನುಡಿಯ ಹತ್ತಿರದ ನೆಂಟರು ಇರುವುದು ಹಿಂದೂ ಮಹಾಸಾಗರದ ಆಚೆಗಿನ ಬೋರ್ನಿಯೊದಲ್ಲಿ. ಪಕ್ಕದಲ್ಲಿ ತೇಲುಮರ ಕಟ್ಟಿದ ದೋಣಿಗಳಲ್ಲಿ ಬಂದವರ ನುಡಿ ಅದು. ಇದಕ್ಕಿಂತ ನಮಗೆ ಹತ್ತಿರದ್ದು ಬ್ರಾಹುಯಿ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಕಲಾತ್ ಊರಿನ ಸುತ್ತಮುತ್ತ ಆಡುವ ಈ ನುಡಿ ಕನ್ನಡದ ಹಾಗೆಯೇ ದ್ರಾವಿಡ ನುಡಿ. ಅವರು ಕಲ್ಲಿಗೆ ‘ಖಲ್’ ಎನ್ನುತ್ತಾರೆ, ಕಣ್ಣಿಗೆ ‘ಖನ್’, ಬಾಯಿಗೆ ‘ಬಾ’, ನೀನು ಎನ್ನಲು ‘ನೀ’. ಎಣಿಕೆ ಅಸಿಟ್, ಇರಟ್, ಮುಸಿಟ್ ಎಂದು ಮೂರರವರೆಗೆ ತಮ್ಮದು, ನಾಲ್ಕರಿಂದ ಮುಂದೆ ನೆರೆಯವರಿಂದ ಪಡೆದದ್ದು. ಇರಟ್ ಪಕ್ಕದಲ್ಲಿ ಎರಡು, ಮುಸಿಟ್ ಪಕ್ಕದಲ್ಲಿ ಮೂರು ಇಟ್ಟು ಓದಿದರೆ ಎಂಟನೆಯ ತರಗತಿಯ ಮಗುವೂ ನೆಂಟಸ್ತಿಕೆ ಗುರುತಿಸುತ್ತದೆ. ಇವರು ಅಲ್ಲೇ ಉಳಿದ ಹಳಬರೋ, ಆಮೇಲೆ ನಡುನಾಡಿನಿಂದ ಹೋದವರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಎರಡನ್ನೂ ಅಚ್ಚು ಮಾಡಬೇಕು. ‘ಬ್ರಾಹುಯಿ ಎಲ್ಲಿದೆ? ಬಲೂಚಿಸ್ತಾನ’ ಎಂದು ಮುಗಿಸಿದರೆ ಕನ್ನಡದ ಓದುಗನಿಗೆ ಸಿಗಬೇಕಾದ ಪುಳಕವೇ ತಪ್ಪಿಹೋಗುತ್ತದೆ.

ಒಂದು ಭಾನುವಾರದ ಪುಟಕ್ಕೆ ದಾವಣಗೆರೆಯ ಮಂಡಕ್ಕಿ ಮಿರ್ಚಿಯ ಒಂದು ತಟ್ಟೆ ಸಾಕು. ಮಂಡಕ್ಕಿಯ ಭತ್ತ ಏಷ್ಯಾದ್ದು. ಮಿರ್ಚಿಯ ಮೆಣಸಿನಕಾಯಿ ಮೆಕ್ಸಿಕೊ ಕಡೆಯದು, ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಬಂತು. ಅದಕ್ಕೆ ಮೊದಲು ನಮ್ಮ ಅಡುಗೆಯ ಖಾರವೆಂದರೆ ಕರಿಮೆಣಸು, ಹೊಸ ಕಾಯಿಗೂ ಆ ಹಳೆಯ ಹೆಸರನ್ನೇ ಅಂಟಿಸಿದೆವು. ಹಿಟ್ಟಿನ ಕಡಲೆ ಇಂದಿನ ಟರ್ಕಿಯ ಆಗ್ನೇಯ ಭಾಗದಲ್ಲಿ ಮೊದಲು ಪಳಗಿದ್ದು, ಅದರ ಕಾಡುಬಳಗ ಈಗಲೂ ಅಲ್ಲಿದೆ. ಮಂಡಕ್ಕಿಗೆ ಬೆರೆಸಿದ ಶೇಂಗಾ ದಕ್ಷಿಣ ಅಮೆರಿಕದ್ದು. ಅದೇ ಶೇಂಗಾದಿಂದ ಚಳ್ಳಕೆರೆ ಎಣ್ಣೆ ಊರು ಎನಿಸಿಕೊಂಡಿತು. ನಮ್ಮ ಹೊಲಗಳನ್ನು ತುಂಬಿರುವ ಮೆಕ್ಕೆಜೋಳ ನೈಋತ್ಯ ಮೆಕ್ಸಿಕೊದ ಬಾಲ್ಸಾಸ್ ನದಿ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಹುಲ್ಲಿನಿಂದ ಬಂದದ್ದು. ಅದನ್ನೇ ಇಟಲಿಯವರು ‘ಟರ್ಕಿಯ ಕಾಳು’ ಎಂಬ ಅರ್ಥದಲ್ಲಿ ಗ್ರಾನೊಟುರ್ಕೊ ಎನ್ನುತ್ತಾರೆ. ಪಪ್ಪಾಯಿಗೆ ನಾವು ಪರಂಗಿ ಎಂದದ್ದೂ ಇದೇ ಬಗೆ. ಫ್ರಾಂಕರೆಂಬ ಯುರೋಪಿನ ಜನರ ಹೆಸರು ಅರಬ್, ಪರ್ಷಿಯನ್ ಬಾಯಲ್ಲಿ ಫರಂಗಿಯಾಗಿ ನಮ್ಮಲ್ಲಿಗೆ ಬಂತು, ಹಣ್ಣು ಮಾತ್ರ ಅಮೆರಿಕದ್ದು. ಹೆಸರು ಹೇಳುವುದು ತಂದವರ ಊರನ್ನು, ಬೆಳೆದ ಊರನ್ನಲ್ಲ.

ಅಕ್ಷಾಂಶ ರೇಖಾಂಶದ ಪ್ರಶ್ನೆಗಳಿಗೂ ಒಂದು ಮಾತು. ಚಿತ್ರದುರ್ಗ ಸುಮಾರು 14.2 ಡಿಗ್ರಿ ಉತ್ತರ, 76.4 ಡಿಗ್ರಿ ಪೂರ್ವ ಎಂಬುದನ್ನು ಉರುಹೊಡೆಯಬೇಕಿಲ್ಲ, ಶಾಲೆಯ ಅಂಗಳದಲ್ಲಿ ಅಳೆಯಬಹುದು. ಡಿಸೆಂಬರ್ 25ರಂದು ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ತೂಕದ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ. ಬುಡವನ್ನು ನಡುವಾಗಿಟ್ಟು ಒಂದು ಮೀಟರ್ ಅರೆವ್ಯಾಸದ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಹೊತ್ತು, ಮಧ್ಯಾಹ್ನ ಹೊರಗೆ ದಾಟುವ ಹೊತ್ತು, ಎರಡನ್ನೂ ಬರೆದುಕೊಳ್ಳಿ. ಈ ಎರಡು ಹೊತ್ತುಗಳಿಗೆ ನಟ್ಟನಡುವಿನ ಗಳಿಗೆಯೇ ಊರಿನ ನಿಜವಾದ ನಡುಹಗಲು. ಅದು 12 ಗಂಟೆ 24 ನಿಮಿಷದ ಆಸುಪಾಸಿಗೆ ಬರುತ್ತದೆ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶಕ್ಕೆ, ಒಂದು ಡಿಗ್ರಿಗೆ 4 ನಿಮಿಷ. 24ನ್ನು 4ರಿಂದ ಭಾಗಿಸಿದರೆ 6, ಅದನ್ನು 82.5ರಿಂದ ಕಳೆದರೆ 76.5. ಅತಿ ಗಿಡ್ಡ ನೆರಳು ಸುಮಾರು 77 ಸೆಂ.ಮೀ. ಇರುತ್ತದೆ. ಅಂದರೆ ಸೂರ್ಯ ನೆತ್ತಿಯಿಂದ 37.6 ಡಿಗ್ರಿ ದಕ್ಷಿಣಕ್ಕೆ ವಾಲಿದ್ದಾನೆ. ಆ ದಿನ ಸೂರ್ಯ ಸಮಭಾಜಕದಿಂದ 23.4 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಕಳೆದರೆ 14.2. ಬೇರೆ ದಿನ ಮಾಡಿದರೆ ಎಡವಟ್ಟಾಗುವುದು ನಡುಹಗಲಿನ ಹೊತ್ತಿನ ಲೆಕ್ಕದಲ್ಲಿ. ಭೂಮಿಯ ಹಾದಿ ಸರಿವೃತ್ತವಲ್ಲ, ಅಕ್ಷವೂ ವಾಲಿದೆ. ಆದ್ದರಿಂದ ಸೂರ್ಯ ಫೆಬ್ರುವರಿ ನಡುವೆ ಸುಮಾರು 14 ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ ಮೊದಲಲ್ಲಿ ಸುಮಾರು 16 ನಿಮಿಷ ಮುಂದೆ ಓಡುತ್ತಾನೆ. ಆ ನಿಮಿಷಗಳನ್ನು ಸರಿದೂಗಿಸದಿದ್ದರೆ ಊರೇ ನಾಲ್ಕು ಡಿಗ್ರಿ ಆಚೀಚೆ ಜರುಗಿಬಿಡುತ್ತದೆ.

ಪುಟದಲ್ಲಿ ಜಾಗದ ಕೊರತೆ ಇರುವುದು ತಿಳಿದ ವಿಷಯ. ಇಪ್ಪತ್ತು ಪ್ರಶ್ನೆಯ ಬದಲು ಆರು ಸಾಕು. ಪ್ರತಿ ಉತ್ತರದ ಮುಂದೆ ಇಸವಿ, ಅಂಕಿಯಿದ್ದರೆ ಅದನ್ನು ಯಾವುದರಿಂದ ಯಾವುದಕ್ಕೆ ಅಳೆದದ್ದು ಎಂಬುದು, ಕೆಳಗೆ ನಾಲ್ಕು ಸಾಲು ಕಾರಣ. ಹಿಂದಿನ ವಾರದ ಉತ್ತರದಲ್ಲಿ ತಪ್ಪಿದ್ದರೆ ಅದೇ ಜಾಗದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ತಿದ್ದುಪಡಿ ಬರಲಿ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದನ್ನು ಯಾರೂ ನೋಟ್‌ಬುಕ್ಕಿನಲ್ಲಿ ತಿದ್ದಿಕೊಳ್ಳುವುದಿಲ್ಲ. ಆರರಲ್ಲಿ ಒಂದು ಪ್ರಶ್ನೆ ನಮ್ಮ ಎರಡು ಜಿಲ್ಲೆಗಳನ್ನು ಹೊರಜಗತ್ತಿಗೆ ಜೋಡಿಸುವಂಥದ್ದಿರಲಿ. ಸಾಮಗ್ರಿ ಬೇಕಾದಷ್ಟಿದೆ. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟ ಹಾಗೆ ಕಾಣುವ ಬಂಡೆಗಳು ನೀರಿನಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದ ಲಾವಾ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಚಂದ್ರವಳ್ಳಿಯಲ್ಲಿ ರೋಮಿನ ಆಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯ ಸಿಕ್ಕಿವೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲೂ ಬ್ರಹ್ಮಗಿರಿಯಲ್ಲೂ ಅಗೆದಾಗ, ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಗಳ ಜೊತೆ ಸಿಕ್ಕಿದ್ದ ಚುಕ್ಕೆಗೆರೆಯ ಮಡಕೆ ಚೂರುಗಳೇ ಇಲ್ಲೂ ಕಂಡವು. ಇಟಲಿ ಮಡಕೆಯ ಕಾಲ ಗೊತ್ತಿದ್ದುದರಿಂದ ನಮ್ಮ ಮಣ್ಣಿನ ಪದರಗಳ ಕಾಲ ಹಿಡಿಯಲು ದಾರಿಯಾಯಿತು.

ಮೊದಲ ವಾರಕ್ಕೆ ಈ ಪ್ರಶ್ನೆಯನ್ನು ಹಾಕಿಕೊಳ್ಳಬಹುದು.

ಪ್ರಶ್ನೆ: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬರೆದ ಲಿಪಿಕಾರ ಯಾರು, ಅವನಿಗೆ ಯಾವ ಸೀಮೆಯ ಬರವಣಿಗೆ ಗೊತ್ತಿತ್ತು?

ಉತ್ತರ: ಚಪಡ. ಗಾಂಧಾರ ಸೀಮೆಯ ಖರೋಷ್ಠಿ. ಕಾಲ ಕ್ರಿ.ಪೂ. 3ನೇ ಶತಮಾನ. ಶಾಸನ ಪತ್ತೆಯಾದದ್ದು 1892ರಲ್ಲಿ, ಬಿ.ಎಲ್. ರೈಸ್ ಅವರಿಂದ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆಯ ಶಾಸನಗಳು ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿವೆ. ಕೊನೆಯಲ್ಲಿ ‘ಚಪಡ ಬರೆದ’ ಎಂದಾದ ಮೇಲೆ ಬರುವ ‘ಲಿಪಿಕರೇಣ’ ಎಂಬ ಪದ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿದೆ. ಆ ಲಿಪಿಯಲ್ಲಿ ಅಶೋಕನ ದೊಡ್ಡ ಶಾಸನಗಳಿರುವುದು ಇಂದಿನ ಪಾಕಿಸ್ತಾನದ ಶಹಬಾಜ್‌ಗಢಿ ಮತ್ತು ಮಾನ್ಸೆಹ್ರಾದಲ್ಲಿ, ಇಲ್ಲಿಂದ ನೇರ ಗೆರೆ ಎಳೆದರೂ 2,000 ಕಿ.ಮೀ.ಗಿಂತ ಆಚೆ. ಬ್ರಹ್ಮಗಿರಿಗೆ ಆಗ ಇಸಿಲ ಎಂಬ ಹೆಸರಿತ್ತು, ಅದೂ ಅದೇ ಬಂಡೆಯ ಮೇಲಿದೆ.

ಇತಿ ತಮ್ಮ ವಿಶ್ವಾಸಿಗಳು,
ಕೆಲವು ಭೂಗೋಳ ಶಿಕ್ಷಕರು
ಚಿತ್ರದುರ್ಗ